ಲ್ಯಾಬಿಗೆ ಹಿಡಿಯಲಿದ್ದ ಗ್ರಹಣ

ಓದಿದವನಿಗೆ ಸಿಟ್ಟು ಶೋಭಿಸುವುದಿಲ್ಲವಂತೆ. ಹೀಗೆ ಉಪದೇಶಿಸುವವರು ಜಾವಾ ಪ್ರೋಗ್ರಾಮಿನಲ್ಲಿ ಕಳೆದುಹೋದ ಸೆಮಿಕೋಲನ್ ಹುಡುಕಿದವರಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಹತ್ತರಗಿಯಲ್ಲಿ ನಮ್ಮವ್ವ ಮಾತ್ರ ಇಂದಿಗೂ, "ನನ್ನ ಮಗಾ ಗೋಕಾಕದಾಗ ಟಿವಿಯಂಥಾದ್ದೇನೋ ರಿಪೇರಿ ಮಾಡ್ತಾನ" ಎನ್ನುತ್ತಾಳೆ. ಅದಕ್ಕೂ ಸಿಟ್ಟು ಬರುತ್ತದೆ, ಅದಿರಲಿ.

ಗೋಕಾಕದ ಕಾಲೇಜೊಂದರಲ್ಲಿ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೆ. ಮಕ್ಕಳು ನೋಟ್‌ಪ್ಯಾಡಿನಲ್ಲಿ ಬರೆದು, ಒಂದು ಸೆಮಿಕೋಲನ್ ತಪ್ಪಿದ್ದಕ್ಕೆ ಪ್ರೋಗ್ರಾಮು ಓಡದೆ ಇಡೀ ಪಿರಿಯಡ್ ಕಳೆದುಕೊಳ್ಳುತ್ತಿದ್ದರು. ಅಂಕಲಗಿಯಿಂದ ಬಸ್ಸಿನಲ್ಲಿ ನಿಂತು ಬರುವ ಹುಡುಗಿಯರ ಮನೆಯಲ್ಲಿ ಕಂಪ್ಯೂಟರಿಲ್ಲ. ಇಲ್ಲಿ ಕಲಿತಷ್ಟೇ ಕಲಿಕೆ. ಪ್ರಾಕ್ಟಿಕಲ್ ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ಬರೆಯುತ್ತಿದ್ದಂತೆಯೇ ತಪ್ಪು ತೋರಿಸುವ ತಂತ್ರಾಂಶಗಳನ್ನೆಲ್ಲ ತೂಗಿ ನೋಡಿ ಒಂದನ್ನು ಆರಿಸಿದೆ: ಎಕ್ಲಿಪ್ಸ್. ಅದೂ ಪುಕ್ಕಟೆ.

ಅನುಮತಿಗೆಂದು ಆಡಳಿತ ಮಂಡಳಿಯ ಅಧ್ಯಕ್ಷರ ಮುಂದೆ ನಿಂತೆ. ಪಕ್ಕದಲ್ಲಿದ್ದ ಇಂಗ್ಲಿಷ್ ವಿಭಾಗದ ಪಾಟೀಲ ಸರ್‌ಗೆ ವಿದ್ಯೆ ತೋರಿಸುವ ಚಪಲ. "ಎಕ್ಲಿಪ್ಸ್ ಅಂದ್ರ ಗ್ರಹಣ ಅಲ್ಲೇನ್ರಿ, ಸಾಹೇಬ್ರ" ಎಂದರು.

ಅಧ್ಯಕ್ಷರು ಚಹಾದ ಕಪ್ಪು ಕೆಳಗಿಟ್ಟರು. "ಏನ್ರಿ ಸರ, ಕಾಲೇಜಿಗೆ ಗ್ರಹಣಾ ಹಿಡಸಾಕ ನಿಂತೀರೇನು?"

"ಅದು ಬರೇ ಹೆಸರ್ರಿ, ಸಾಹೇಬ್ರ."

"ಮಗಗ ಶನಿ ಅಂತ ಹೆಸರಿಡ್ತೀರೇನು? ಬ್ಯಾರೆ ಇಲ್ಲೇನು?"

"ನೆಟ್‌ಬೀನ್ಸ್ ಅಂತ ಐತ್ರಿ. ನಮ್ಮ ಹಳೇ ಮಷೀನು ಅದನ್ನ ಎಳಿಯೂದಿಲ್ರಿ."

"ಬೀನ್ಸ್! ಕಾಯಿಪಲ್ಲೆ, ಯಾರಿಗೂ ತ್ರಾಸಿಲ್ಲ. ಅದನ್ನ ಹಾಕ್ರಿ."

ಅವರ ತಲೆಯ ಮೇಲೆ ಶರಣರ ಫೋಟೋ. ಶಕುನ, ಪಂಚಾಂಗಗಳನ್ನೆಲ್ಲ ಒದ್ದು ಹೊರಹಾಕಿದವರಿಗೆ ಹಾರ ಹಾಕಿ, ಕೆಳಗೆ ಕೂತು ಇಂಥ ಮಾತು! ನನಗೆ ಮೈಯೆಲ್ಲ ಉರಿಯಿತು. "ಮಕ್ಕಳಿಗೆ ಹಿಡದ ಗ್ರಹಣಾ ಬಿಡಸಾಕ ಕೇಳಾಕತ್ತೇನ್ರಿ, ಮುಹೂರ್ತಾ ಕೇಳಾಕ ಬಂದಿಲ್ಲ!" ಎಂದು ಒದರಿಬಿಟ್ಟೆ. ಪಗಾರ ಕೊಡುವವರ ಮುಂದೆ ಒದರಬಾರದೆಂಬುದು ಒದರಿದ ಮೇಲೆ ನೆನಪಾಯಿತು.

ಅಧ್ಯಕ್ಷರು ಬೈಯಲಿಲ್ಲ. "ಹೆಸರಷ್ಟ ಬದಲಿ ಮಾಡಾಕ ಬರೂದಿಲ್ಲೇನ್ರಿ?" ಎಂದರು.

ಬರುತ್ತದೆ! ಐಕಾನಿನ ಕೆಳಗಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಇಷ್ಟು ಓದಿದ ನನಗೇ ಹೊಳೆಯಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು. ದಡದಡನೆ ಹೋಗಿ ಎಲ್ಲ ಮಷೀನಿಗೂ ಎಕ್ಲಿಪ್ಸ್ ಹಾಕಿ, ಕೆಳಗೆ 'ಪೂರ್ಣಿಮಾ' ಎಂದು ಬರೆದೆ. ಅಧ್ಯಕ್ಷರು ಮೆಚ್ಚಿದರು. ಚಂದ್ರನಿಗೆ ಗ್ರಹಣ ಹಿಡಿಯುವುದು ಹುಣ್ಣಿಮೆಗೇ ಎಂಬುದು ಪಾಟೀಲ ಸರ್‌ಗೂ ಹೊಳೆಯಲಿಲ್ಲ.

ಮರುದಿನ ಅಂಕಲಗಿಯ ಹುಡುಗಿಯೊಬ್ಬಳು ಸೆಮಿಕೋಲನ್ ಮರೆತಳು. ತಕ್ಷಣ ಅಲ್ಲಿ ಕೆಂಪು ಗೆರೆ ಮೂಡಿತು. ತಿದ್ದಿ, ಓಡಿಸಿ, ಪಿರಿಯಡ್ ಮುಗಿಯುವ ಮೊದಲೇ ಕೈಕಟ್ಟಿ ಕೂತಳು. ನಾನು ಎದೆಯುಬ್ಬಿಸಿ, "ಹೆಂಗೈತಿ?" ಎಂದೆ.

"ಚಲೋ ಐತ್ರಿ ಸರ. ಸಣ್ಣ ತಪ್ಪಿಗೆ ಇದೂ ನಿಮ್ಮಂಗ ಕೆಂಪಗಾಕ್ಕೈತಿ. ಆದ್ರ ಒದರೂದಿಲ್ರಿ."