ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಎಂಜಿನ್ನಿನ ಎಲುಬು

ನನ್ನ ಅಡುಗೆಮನೆಗೆ ಒಂದು ಸಿಲಿಂಡರು. ನನ್ನ ಗಂಡ ಬ್ಯಾಪ್ಟಿಸ್ಟರ ಕಾರಿಗೆ ಎಂಟು. ನಮ್ಮ ಸಂಸಾರದ ಸಮಸ್ತ ಅನ್ಯಾಯವೂ ಇಷ್ಟರಲ್ಲೇ ಅಡಗಿದೆ. ಆದರೂ ಓದುಗರು ನ್ಯಾಯವಂತರೆಂದು ನಂಬಿ ವಿವರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಅಮೆರಿಕದಲ್ಲಿ ಹುಟ್ಟಿ, ಯಾವ ಜನ್ಮದ ಋಣವೋ, ಬಹರೈನಿನ ಹೂರಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಬಂದು ಬೀಡುಬಿಟ್ಟ ಕೆಂಪು ಕಾರು ಅದು. ‘ಮಸಲ್ ಕಾರು’ ಎಂದು ಇವರು ಎದೆಯುಬ್ಬಿಸಿ ಹೇಳುತ್ತಾರೆ. (ಮಸಲ್ ಎಂದರೆ ಮಾಂಸಖಂಡ. ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಇರಲಿ ಎಂದು ನಾನೂ ಸುಮ್ಮನಿದ್ದೆ.) ಅದರ ಮೂತಿ ಅಹ್ಮದ್ ಕುಂಞಿಯ ಕೋಲ್ಡ್ ಸ್ಟೋರಿನ (ಕಿರಾಣಿ ಅಂಗಡಿಗೆ ಇಲ್ಲಿಯ ಹೆಸರು) ಮುಂದಿದ್ದರೆ ಬಾಲ ಪಕ್ಕದ ಸಲೂನಿನ ಬಾಗಿಲಿಗೆ ಅಡ್ಡ. ಶುರು ಮಾಡಿದರೆ ಮೂರನೇ ಮಹಡಿಯ ನಮ್ಮ ಕಪಾಟಿನೊಳಗೆ ಪಿಂಗಾಣಿ ತಟ್ಟೆಗಳು ತಾಳ ಹಾಕುತ್ತವೆ. ಇಷ್ಟೆಲ್ಲ ಇದ್ದೂ ಎಸಿ ಮಾತ್ರ ಇಲ್ಲ. ಹಬೆಪಾತ್ರೆಯೊಳಗೆ ಕೂತ ಇಡ್ಲಿಯಂಥ ನಮ್ಮ ಸಾನ್ನಕ್ಕೆ ಏನನಿಸುತ್ತದೆ ಎಂದು ನನಗೆ ಅರ್ಥವಾದದ್ದು ಜುಲೈ ತಿಂಗಳಲ್ಲಿ ಆ ಸೀಟಿನ ಮೇಲೆ.

ಎರಡು ಸಾವಿರದ ಎಂಟರ ಅಂಥದೇ ಒಂದು ಜುಲೈ ಶುಕ್ರವಾರ (ಇಲ್ಲಿ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ) ಇಗರ್ಜಿಗೆ ಹೊರಟಿದ್ದೆವು. ಸಿಗ್ನಲಿನ ನಟ್ಟನಡುವೆ ಕಾರು ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು. ಸುತ್ತೆಲ್ಲ ಪೆಟ್ರೋಲಿನ ವಾಸನೆ. ನಾನು ರೇಷ್ಮೆ ಸೀರೆಯುಟ್ಟು ಅದರ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿದ್ದಾಗ ಪಕ್ಕದಲ್ಲಿ ಬಿಳಿ ಕಾರೊಂದು ನಿಂತಿತು. ಕಿಟಕಿಯ ಗಾಜು ನಾಲ್ಕೇ ಬೆರಳು ಇಳಿಯಿತು. ಅಷ್ಟರಲ್ಲೇ ಒಳಗಿನ ತಂಗಾಳಿ ನನ್ನ ಮುಖಕ್ಕೆ ಬಡಿಯಿತು. ಅದರ ಹಿಂದೆ ಪೆಟ್ರೊನಿಲ್ಲಾಳ ದನಿ. ನಾವಿಬ್ಬರೂ ಒಂದೇ ವರ್ಷ ಮಂಗಳೂರು ಬಿಟ್ಟು ಬಂದವರು. ಅಂದಿನಿಂದ ನನ್ನ ಕಷ್ಟಗಳಿಗೆ ತಪ್ಪದೆ ಹಾಜರಾಗುವವಳು ಅವಳು.

“ರೆಜಿನಾ, ಎಂತ ಮಾರಾಯ್ತಿ, ಗಾಳಿಗೆ ನಿಂತದ್ದಾ?”

ಗಾಜು ಮೇಲೇರಿತು. ನನ್ನ ಸಹನೆಯ ಗಾಜು ಅಲ್ಲಿಗೆ ಒಡೆಯಿತು.

ಕಾರನ್ನು ಕಟ್ಟಿ ಎಳೆಸಿಕೊಂಡು ಬಂದು ಕೋಲ್ಡ್ ಸ್ಟೋರಿನ ಮುಂದೆ ನಿಲ್ಲಿಸಿದ್ದೇ ತಡ, ಅಹ್ಮದ್ ಕುಂಞಿಯನ್ನು ಸಾಕ್ಷಿಗೆ ಕರೆದು ಪ್ರತಿಜ್ಞೆ ಮಾಡಿದೆ.

“ಕೇಳಿತಾ? ಬರುವ ಶುಕ್ರವಾರ ಇದು ತನ್ನ ಚಕ್ರದ ಮೇಲೆಯೇ ನನ್ನನ್ನು ಇಗರ್ಜಿಗೆ ಮುಟ್ಟಿಸದಿದ್ದರೆ, ಮಾರಿಬಿಡಬೇಕು. ಬಿಳಿ ಕಾರು ಬರಬೇಕು. ಎಸಿ ಇರಬೇಕು.”

“ಮುಟ್ಟಿಸಿದರೆ?” ಎಂದರು ಬ್ಯಾಪ್ಟಿಸ್ಟರು.

“ಸಾಯುವವರೆಗೂ ಇದರ ವಿರುದ್ಧ ಒಂದು ಮಾತೆತ್ತುವುದಿಲ್ಲ.”

“ಸಾಯುವುದು ಯಾರು? ನೀನಾ, ಕಾರಾ?”

“ಯಾರು ಮೊದಲೋ ಅವರು!”

“ಬಾಯಮ್ಮಾ, ನಾನು ಕೇಳಿದ್ದೇನೆ. ಇನ್ನು ಪೊರ್ಬುಗಳೂ ತಪ್ಪಿಸುವ ಹಾಗಿಲ್ಲ, ನೀವೂ ತಪ್ಪಿಸುವ ಹಾಗಿಲ್ಲ,” ಎಂದ ಅಹ್ಮದ್ ಕುಂಞಿ, ಗಂಭೀರವಾಗಿ ಮೊಸರಿನ ಡಬ್ಬ ಜೋಡಿಸುತ್ತಾ. (ನಮ್ಮೂರ ಕಡೆ ಕ್ರೈಸ್ತ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು.)

ರೋಗ ಪತ್ತೆಯಾಯಿತು. ಪೆಟ್ರೋಲ್ ಪಂಪು ಹೋಗಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಎಂಜಿನ್ನಿಗೆ ಕೊಡುವ ಈ ಯಂತ್ರ ಒಡೆದ ತೆಂಗಿನಕಾಯಿಯ ಒಂದು ಗಡಿಯಷ್ಟು ದೊಡ್ಡದು, ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿರುತ್ತದೆ. ಹೊಸದನ್ನು ಇವರು ಎಲ್ಲಿಂದಲೋ ತರಿಸಿದರು. “ಎರಡೇ ಬೋಲ್ಟು ರೆಜಿ, ಅರ್ಧ ಗಂಟೆ ಕೆಲಸ,” ಎಂದು ಗುರುವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವರೇ ರಟ್ಟಿನ ಮೇಲೆ ಮಲಗಿ ಕಾರಿನಡಿ ಸರಿದರು. (ಇವರಿಗೆ ಅಸ್ಕರ್ ಎಂಬ ಊರಿನ ಅಲ್ಯುಮಿನಿಯಮ್ ಕಾರ್ಖಾನೆಯಲ್ಲಿ ಕೆಲಸ, ನಿಜ. ಆದರೆ ಆಫೀಸಿನಲ್ಲಿ. ಅಲ್ಲಿ ಇವರು ಎತ್ತುವ ಅತಿ ಭಾರದ ಆಯುಧ ಸ್ಟೇಪ್ಲರು.)

ಹಳೆಯ ಪಂಪು ಸಲೀಸಾಗಿ ಬಂತು. ಪೈಪಿನ ಬಾಯಿಗೆ ಪೆನ್ಸಿಲ್ ತುಂಡು ಸಿಕ್ಕಿಸಿ ಪೆಟ್ರೋಲ್ ಸುರಿಯುವುದನ್ನೂ ನಿಲ್ಲಿಸಿದರು. ಇಷ್ಟು ಜಾಣತನ ಇವರಲ್ಲಿತ್ತೇ ಎಂದು ನನ್ನ ಮನಸ್ಸಿನೊಳಗಿನ ಬಿಳಿ ಕಾರು ಒಂದು ಕ್ಷಣ ಬಣ್ಣಗೆಟ್ಟಿತು.

ಆಮೇಲೆ ಶುರುವಾಯಿತು ನೋಡಿ ಮಹಾಯುದ್ಧ. ಪಂಪಿನ ಮೇಲೆ, ಎಂಜಿನ್ನಿನ ಹೊಟ್ಟೆಯೊಳಗೆ, ಬೆರಳು ದಪ್ಪದ ಒಂದು ಉಕ್ಕಿನ ರಾಡು ಇರುತ್ತದೆ. ಎಂಜಿನ್ನು ತಿರುಗಿದಾಗ ಅದು ಮೇಲೆ ಕೆಳಗೆ ಕುಣಿದು ಪಂಪಿನ ಲಿವರನ್ನು ಒತ್ತಬೇಕು. ಪಂಪು ಕೂರಿಸುವಾಗ ರಾಡನ್ನು ಬೆರಳಿನಿಂದ ಮೇಲೆತ್ತಿ ಹಿಡಿಯಬೇಕು. ಆದರೆ ಬೆರಳಿರುವ ಜಾಗಕ್ಕೇ ಲಿವರು ಬರಬೇಕು! ಬೆರಳು ತೆಗೆದರೆ ರಾಡು ಬೀಳುತ್ತದೆ. ಅಲ್ಲೇ ಇಟ್ಟರೆ ಬೆರಳೇ ಹೋಗುತ್ತದೆ.

ಟಣ್.

“ಎಂತದು ಅದು?” ಎಂದೆ.

“ಎಂತದೂ ಇಲ್ಲ.”

ಟಣ್.

“ಈಗ?”

“ನೀನು ಮೇಲೆ ಹೋಗು ಮಾರಾಯ್ತಿ!”

ಹೋಗಲಿಲ್ಲ. ಪ್ರತಿ ‘ಟಣ್’ ನನಗೆ ಇಗರ್ಜಿಯ ಗಂಟೆಯಂತೆ ಇಂಪಾಗಿ ಕೇಳುತ್ತಿತ್ತು. ಆಸ್ಪತ್ರೆಯಿಂದ ಬಂದ ಬಿಳಿ ಯೂನಿಫಾರ್ಮಿನಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನನ್ನ ಹೊಸ ಕಾರಿಗೆ ಸೀಟಿನ ಹೊದಿಕೆ ನೀಲಿ ಇರಲೋ ಕಂದು ಇರಲೋ ಎಂದು ಯೋಚಿಸುತ್ತಾ ಶರಬತ್ತು ಹೀರುತ್ತಿದ್ದೆ. ಸುತ್ತ ಜನ ಸೇರಿದರು. ಸಲಹೆಗಳು ನಾಲ್ಕು ಭಾಷೆಗಳಲ್ಲಿ ಸುರಿದವು. ರಾಡಿಗೆ ಚೂಯಿಂಗ್ ಗಮ್ ಅಂಟಿಸಿ ಎಂದ ಒಬ್ಬ. ಸಿಗರೇಟು ಹಿಡಿದೇ ಬಗ್ಗಿ ನೋಡಲು ಬಂದ ಇನ್ನೊಬ್ಬನನ್ನು ಅಹ್ಮದ್ ಕುಂಞಿ ಪೊರಕೆ ಹಿಡಿದು ಓಡಿಸಿದ. ಇವರು ರಾಡಿಗೆ ದಪ್ಪಗೆ ಗ್ರೀಸ್ ಮೆತ್ತಿ ಅಂಟಿಸಿ ನಿಲ್ಲಿಸಲು ನೋಡಿದರು. ಆ ಬಿಸಿಲಿಗೆ ಗ್ರೀಸು ಪಾಯಸವಾಗಿ ಇವರ ಮೂಗಿನ ಮೇಲೆ ಇಳಿಯಿತು.

ಟಣ್.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಲೇಬೇಕು. ನಾನು ಆಪರೇಷನ್ ಥಿಯೇಟರಿನ ನರ್ಸ್. ಇಪ್ಪತ್ತು ವರ್ಷಗಳಿಂದ ಡಾಕ್ಟರುಗಳ ಕೈಗೆ ಕತ್ತರಿ ಕೊಡುವುದು ನನ್ನ ಕೆಲಸ. ಅವರು ತಪ್ಪು ಜಾಗಕ್ಕೆ ಕೈ ಹಾಕಿದಾಗ ಮೆಲ್ಲಗೆ ಕೆಮ್ಮುವುದೂ ನನ್ನ ಕೆಲಸವೇ. ಒಬ್ಬ ಗಂಡಸು ಕಣ್ಣೆದುರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ನೋಡಿ ಸುಮ್ಮನಿರುವ ಅಂಗ ನನ್ನ ದೇಹದಲ್ಲಿ ಇಲ್ಲ.

ಕೆಮ್ಮಿದೆ.

“ನೀರು ಕುಡಿ,” ಎಂದರು ಕಾರಿನಡಿಯಿಂದ.

ಟಣ್.

ನನ್ನ ಕೈ ತಾನಾಗಿಯೇ ಬ್ಯಾಗಿನಿಂದ ಗ್ಲೌಸ್ ತೆಗೆಯಿತು. ಆಣೆ ಮಾಡಿ ಹೇಳುತ್ತೇನೆ, ತಲೆಗೆ ಅದರ ಸುದ್ದಿಯೇ ಇರಲಿಲ್ಲ.

“ಹೊರಗೆ ಬನ್ನಿ. ಆ ರಾಡು ಇತ್ತ ಕೊಡಿ. ಅಹ್ಮದ್, ಐಸ್‌ಕ್ರೀಮ್ ಪೆಟ್ಟಿಗೆ ತೆಗಿ!”

“ಬಾಯಮ್ಮಾ, ಅದರಲ್ಲಿ ಮಕ್ಕಳ ಐಸ್‌ಕ್ರೀಮ್ ಉಂಟು...”

“ಇದೂ ಒಂದು ಮಗುವೇ. ತೆಗಿ!”

ರಾಡಿಗೆ ಹೊಸದಾಗಿ ಗ್ರೀಸ್ ಬಳಿದು, ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಾವಿನ ಕುಲ್ಫಿಗಳ ನಡುವೆ ಮಲಗಿಸಿದೆ. ಊರಿಂದ ತಂದ ಬಂಗುಡೆಯ ಮಸಾಲೆ ಫ್ರೀಝರಿನಲ್ಲಿಟ್ಟರೆ ಕಲ್ಲಾಗುವುದಿಲ್ಲವೇ? ಗ್ರೀಸಿನ ಜಾತಿಯೂ ಅದೇ. ಅಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯೂ ಸ್ವಲ್ಪ ತಣಿಯಿತು.

ಇನ್ನೊಂದು ಸಂಗತಿ ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ರಾಡು ಎಷ್ಟು ಒತ್ತಿದರೂ ಪೂರ್ತಿ ಮೇಲೆ ಹೋಗುತ್ತಿರಲಿಲ್ಲ. ಒಳಗೆ ಏನೋ ತಡೆಯುತ್ತಿತ್ತು.

“ಇವರೇ, ರೋಗಿಯ ಮಗ್ಗುಲು ಬದಲಿಸಬೇಕು. ಎಂಜಿನ್ನು ಸ್ವಲ್ಪ ತಿರುಗಿಸಿ.”

“ನಿನಗೆ ಎಂಜಿನ್ನಿನ ವಿಷಯ ಎಂತ ಗೊತ್ತುಂಟು?”

“ಹೊಟ್ಟೆಯ ವಿಷಯ ಗೊತ್ತುಂಟು. ತಿರುಗಿಸಿ!”

ದೊಡ್ಡ ಸ್ಪ್ಯಾನರು ಹಾಕಿ ಇಷ್ಟಿಷ್ಟೇ ತಿರುಗಿಸಿದರು. ರಟ್ಟಿನ ಮೇಲೆ ಮಲಗಿ ಕೈ ಒಳಗಿಟ್ಟ ನಾನು, ಕುಲ್ಫಿಯಷ್ಟು ತಣ್ಣಗಿದ್ದ ರಾಡನ್ನು ಅದರ ಬಿಲದೊಳಗೆ ಒತ್ತಿ ಹಿಡಿದಿದ್ದೆ. ಇದ್ದಕ್ಕಿದ್ದಂತೆ ತಡೆ ಸರಿಯಿತು. ರಾಡು ಸರ್ರನೆ ಮೇಲೇರಿ ಕಚ್ಚಿಕೊಂಡಿತು. ಬೆರಳು ತೆಗೆದೆ. ಹೂರಾದ ಆ ಬೀದಿಯೇ ಬಗ್ಗಿ ಕಿವಿಗೊಟ್ಟಿತು.

ಟಣ್ ಎನ್ನಲಿಲ್ಲ!

“ಪಂಪು! ಬೋಲ್ಟು! ಸ್ಪ್ಯಾನರು!” ಎಂದು ಕೈ ಚಾಚಿದೆ. ನನ್ನ ಬಾಳಿನಲ್ಲೇ ಮೊದಲ ಬಾರಿಗೆ ಕೇಳುವವಳು ನಾನು, ಕೊಡುವವರು ಬೇರೆ. ಎರಡು ಬೋಲ್ಟು ಬಿಗಿದು, ಪೈಪು ಸೇರಿಸಿ, ಹೊರಳಿ ಹೊರಬಂದಾಗ ನನ್ನ ಬಿಳಿ ಯೂನಿಫಾರ್ಮು ಭೂಪಟದಂತಿತ್ತು. ಬ್ಯಾಪ್ಟಿಸ್ಟರು ಕೀಲಿ ತಿರುಗಿಸಿದರು. ಕೆಮ್ಮು, ಬಿಕ್ಕಳಿಕೆ, ಆಮೇಲೆ ಸಿಂಹಗರ್ಜನೆ! ಪಾರಿವಾಳಗಳು ಹಾರಿದವು, ಸಲೂನಿನಲ್ಲಿ ಅರ್ಧ ಕ್ಷೌರವಾಗಿದ್ದವನು ಹೊರಗೆ ಓಡಿಬಂದ, ಜನ ಚಪ್ಪಾಳೆ ತಟ್ಟಿದರು. ನಾನು ಗ್ರೀಸಿನ ಕೈಯನ್ನೇ ಎತ್ತಿ ಮಹಾರಾಣಿಯಂತೆ ಎಲ್ಲ ದಿಕ್ಕಿಗೂ ಬೀಸಿದೆ.

“ಮಾಷಾ ಅಲ್ಲಾ ಬಾಯಮ್ಮಾ!” ಎಂದ ಅಹ್ಮದ್ ಕುಂಞಿ. ಮತ್ತೆ ತಲೆ ಕೆರೆದುಕೊಂಡ. “ಅಲ್ಲ, ಹಾಗಾದರೆ... ನಿಮ್ಮ ಆ ಬಿಳಿ ಕಾರು?”

ಎತ್ತಿದ ಕೈ ಹಾಗೇ ನಿಂತಿತು.

ಬ್ಯಾಪ್ಟಿಸ್ಟರು ಒಳ್ಳೆಯವರು, ನಗಲಿಲ್ಲ. ಕಾರಿನ ಹಿಂದೆ ಹೋಗಿ ನಕ್ಕರು. ಊಟದ ಹೊತ್ತಿಗೆ ನನ್ನ ಮುಖ ನೋಡಿ ಕರಗಿ, “ಹೋಗಲಿ ರೆಜಿ, ಬರುವ ತಿಂಗಳು ಈ ಕಾರಿಗೇ ಎಸಿ ಕೂರಿಸಿಕೊಡುತ್ತೇನೆ. ಮಾತು ಕೊಟ್ಟೆ,” ಎಂದರು. ಸರ್ವನಾಶದಲ್ಲಿ ಅರ್ಧವಾದರೂ ಉಳಿಯಿತೆಂದು ಸಮಾಧಾನಪಟ್ಟೆ.

ಮರುದಿನ ಕಾರು ತನ್ನ ಚಕ್ರದ ಮೇಲೆಯೇ ಗರ್ಜಿಸುತ್ತಾ ಇಗರ್ಜಿಯ ಅಂಗಳಕ್ಕೆ ಬಂತು. ನನ್ನ ಕೂದಲು ಗಾಳಿಗೆ ಹಾರಿ ತೆಂಗಿನ ನಾರಾಗಿತ್ತು, ಸೀರೆ ಬೆವರಿಗೆ ಅಂಟಿತ್ತು. ಪಕ್ಕದಲ್ಲೇ ಬಿಳಿ ಕಾರು ನಿಂತಿತು. ಗಾಜು ನಾಲ್ಕು ಬೆರಳು ಇಳಿಯಿತು.

“ಅಯ್ಯೋ ರೆಜಿನಾ, ಬೆಂದೇ ಹೋಗಿದ್ದೀ. ಒಂದು ಎಸಿಯಾದರೂ ಹಾಕಿಸಬಾರದಾ?”

ಪೂಜೆಗೆ ಬಂದ ಅರ್ಧ ಮಂಗಳೂರು ನಮ್ಮತ್ತ ತಿರುಗಿತು. ನನ್ನ ಬೆನ್ನು ನೆಟ್ಟಗಾಯಿತು.

“ಎಸಿಯಾ? ಅದು ಬರೀ ಕೂತು ಹೋಗುವವರಿಗೆ ಪೆಟ್ರೊನಿಲ್ಲಾ! ಈ ಎಂಜಿನ್ನಿಗೆ ಪಂಪು ಕೂರಿಸಿದವಳು ನಾನು. ನನ್ನ ಕಾರಿಗೆ ಎಸಿ ಹಾಕಿದರೆ ಅದಕ್ಕೆ ಅವಮಾನ. ನನ್ನ ಜೀವಮಾನದಲ್ಲೇ ಬೇಡ!”

ಗಾಜು ಪೂರ್ತಿ ಇಳಿಯಿತು. ಪೆಟ್ರೊನಿಲ್ಲಾಳ ಬಾಯಿ ಇನ್ನೂ ಕೆಳಗೆ ಇಳಿಯಿತು. ಆಹಾ, ಆ ಒಂದು ನೋಟಕ್ಕಾಗಿ ಇನ್ನೂ ಹತ್ತು ಪಂಪು ಕೂರಿಸಿಯೇನು!

ಹಿಂದಿನಿಂದ ಬ್ಯಾಪ್ಟಿಸ್ಟರ ಸ್ವರ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು: “ಕೇಳಿದಿರಲ್ಲ? ಜೀವಮಾನದಲ್ಲೇ ಬೇಡವಂತೆ. ನೀವೆಲ್ಲ ಸಾಕ್ಷಿ!”

ಅಂದು ಅಹ್ಮದ್ ಕುಂಞಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಗ್ರೀಸು ಹಚ್ಚಿ ಇಡಬೇಕಾಗಿದ್ದದ್ದು ಆ ರಾಡನ್ನಲ್ಲ, ನನ್ನ ನಾಲಿಗೆಯನ್ನು.