ಘೋಡಬಂದರ್ ರಸ್ತೆಯ ಸ್ಕಾಟ್ಲೆಂಡ್

ವಿದೇಶಕ್ಕೆ ಹೋಗಿ ಪ್ರಾದೇಶಿಕ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯುವುದು ಬಹಳ ಸುಲಭ. ಅರ್ಜಿ ಹಾಕಬೇಕು, ಸೀಟು ಸಿಗಬೇಕು, ವಿಮಾನ ಹತ್ತಬೇಕು. ನೆರೂಳಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ಹಾಗೆಂದೇ ತಿಳಿದಿದ್ದೆ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಸೀಟು ಸಿಕ್ಕಿದೆಯೆಂಬ ಇ-ಮೇಲ್ ಬಂದಾಗ ಕೈಯಲ್ಲಿದ್ದ ಸೌಟಿನ ಸಮೇತ ಅಡುಗೆಮನೆಯಲ್ಲಿ ಕುಣಿದೆ. ಆಮೇಲೆ ಒಂದೇ ಒಂದು ತಪ್ಪು ಮಾಡಿದೆ. ಗಂಡನಿಗೆ ಹೇಳಿದೆ!

ನನ್ನ ಗಂಡ ರಮೇಶ್ ಸಾನಪಾಡಾದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಅಲ್ಲಿ ದೋಸೆಗಿಂತ ಬೇಗ ತಯಾರಾಗುವುದು ಸುದ್ದಿ. ಸಂಜೆಯೊಳಗೆ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ವಾಸುದೇವಣ್ಣನ ಫೋನು ಬಂತು.

“ವನಿತಾ ಮೇಡಂ, ಬರುವ ಆದಿತ್ಯವಾರ ನಿಮಗೆ ಸನ್ಮಾನ ಮತ್ತು ಬೀಳ್ಕೊಡುಗೆ. ಹಾಲ್ ಬುಕ್ ಆಯ್ತು.”

“ಅಣ್ಣಾ, ವೀಸಾ ಇನ್ನೂ ಬರ್ಲಿಲ್ಲ!”

“ವೀಸಾ ಎಂತ, ಇವತ್ತಲ್ಲ ನಾಳೆ ಬರ್ತದೆ. ಹಾಲ್ ಬರ್ತದಾ? ಮುಂದೆ ಗಣಪತಿ, ನವರಾತ್ರಿ, ಎಲ್ಲ ಫುಲ್ ಉಂಟು ಮಾರಾಯ್ರೆ!”

ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿರಳ ಸಂಪನ್ಮೂಲದ ಸಮಸ್ಯೆ ಎನ್ನುತ್ತಾರೆ. ವಿಷಯದ ವಿದ್ಯಾರ್ಥಿನಿಯಾಗಿ ನಾನು ತಲೆಬಾಗಿದೆ.

ಸನ್ಮಾನ ಭರ್ಜರಿಯಾಗಿ ನಡೆಯಿತು. ತಲೆಗೆ ಪೇಟ, ಮಡಿಲಿಗೆ ಹಣ್ಣಿನ ಬುಟ್ಟಿ, ಹೆಗಲಿಗೆ ಕೆಂಪು ಅಂಚಿನ ತುಂಬ ನವಿಲುಗಳಿದ್ದ ಹಳದಿ ಶಾಲು. ಆ ಶಾಲನ್ನು ತಾನೇ ದಾದರಿಗೆ ಹೋಗಿ ಆರಿಸಿ ತಂದದ್ದೆಂದು ವಾಸುದೇವಣ್ಣ ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದರು. ಚಪ್ಪಾಳೆ ಕೇಳಿ ನಾನು ಉಬ್ಬಿಹೋದೆ. “ಮುಂದಿನ ಆದಿತ್ಯವಾರ ಈ ಹೊತ್ತಿಗೆ ಹೊರಟೆ, ಸ್ಕಾಟ್ಲೆಂಡಿನ ಚಳಿಯಲ್ಲಿ ನಿಮ್ಮನ್ನೆಲ್ಲ ನೆನೆಯುತ್ತಿರುತ್ತೇನೆ” ಎಂದುಬಿಟ್ಟೆ. ದಿನ ಹೇಳೆಂದು ಯಾರೂ ಕೇಳಿರಲಿಲ್ಲ!

ವಾರವಿಡೀ ಕಲ್ಯಾಣದಿಂದ ವಾಶಿಯವರೆಗೆ ಬೀಳ್ಕೊಡುಗೆಯ ಊಟಗಳು. ಹೋಳಿಗೆ ಬಂತು, ಪಾಯಸ ಬಂತು, ವೀಸಾ ಬರಲಿಲ್ಲ. ನಾನು ಘೋಷಿಸಿದ ಹೊತ್ತಿಗೆ ಸರಿಯಾಗಿ ನಮ್ಮ ಕಟ್ಟಡದ ಸೊಸೈಟಿಯವರೆಲ್ಲ ಗೇಟಿನ ಬಳಿ ನೆರೆದರು. ಪಕ್ಕದ ಮನೆಯ ಕುಲಕರ್ಣಿ ಕಾಕು ನನ್ನ ಅಂಗೈಗೆ ಮೊಸರು ಸಕ್ಕರೆ ಹಾಕಿ ಕಣ್ಣೊರೆಸಿಕೊಂಡರು. ಕಾರಿನ ಚಕ್ರದಡಿ ನಿಂಬೆಹಣ್ಣು ಬೇರೆ.

“ಈಗ ಎಂತ ಮಾಡುದು?” ಎಂದು ಗಂಡನ ಕಿವಿಯಲ್ಲಿ ಕೇಳಿದೆ.

“ನಿಂಬೆಹಣ್ಣು ಇಟ್ಟಾಯ್ತಲ್ಲ. ಕೂತ್ಕೋ ಮೊದ್ಲು!”

ವಿಮಾನ ನಿಲ್ದಾಣದ ಕಡೆಗೆ ಹೊರಟ ಕಾರು ವಾಶಿಯ ಬಳಿ ಮನಸ್ಸು ಬದಲಿಸಿ, ಠಾಣೆಯ ಘೋಡಬಂದರ್ ರಸ್ತೆಯಲ್ಲಿರುವ ನನ್ನ ಅಕ್ಕ ಜಯಳ ಫ್ಲ್ಯಾಟಿನೆದುರು ನಿಂತಿತು. ನನ್ನ ಉನ್ನತ ವ್ಯಾಸಂಗ ಹೀಗೆ ಆರಂಭವಾಯಿತು.

ಹೊರಗೆ ಕಾಲಿಡುವಂತಿಲ್ಲ. ಹಗಲಿಡೀ ಪರದೆಯ ಸಂದಿಯಿಂದ ರಸ್ತೆ ನೋಡುವುದೇ ಕೆಲಸ. ಎದುರಿನ ಹೊಸ ಕಟ್ಟಡಕ್ಕೆ ಇನ್ನೂ ಬಣ್ಣ ಬಿದ್ದಿರಲಿಲ್ಲ, ಆಗಲೇ ಚಹಾದ ಗೂಡಂಗಡಿ, ಟಪರಿ, ಬಂತು. ಅದರ ಪಕ್ಕಕ್ಕೆ ರಿಕ್ಷಾಗಳು, ರಿಕ್ಷಾಗಳ ಹಿಂದೆ ವಡಾಪಾವಿನ ಗಾಡಿ. ಬೇರೆ ಕೆಲಸವಿಲ್ಲದ್ದರಿಂದ ಎಲ್ಲವನ್ನೂ ಬಾಯಿ ಬಿಟ್ಟು ನೋಡಿದೆ.

ಒಂದು ಸಂಜೆ ಕುಲಕರ್ಣಿ ಕಾಕು ನೆರೂಳಿನ ನಮ್ಮ ಮನೆಗೆ ಹೋಗಿ, ವನಿತಾಳನ್ನು ನೋಡಲೇಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತರಂತೆ. ರಮೇಶ್ ವೀಡಿಯೊ ಕರೆ ಮಾಡಿದರು. ನಾನು ಸ್ವೆಟರು, ಮಂಕಿ ಟೋಪಿ ಧರಿಸಿ ಬೆವರು ಸುರಿಸುತ್ತ ಚಳಿಯನ್ನು ವರ್ಣಿಸಿದೆ. ಆಗಲೇ ಕಿಟಕಿಯ ಕೆಳಗಿಂದ ಕೂಗು ಬಂತು: “ಮೇಥೀ, ಪಾಲಕ್, ಕೋಥಿಂಬೀರ್!”

“ಅಗಂ, ತಿಥೇ ಪಣ್ ಭಾಜೀವಾಲಾ?” ಅಲ್ಲಿಯೂ ತರಕಾರಿಯವನೇ ಎಂದು ಕಾಕು ಬೆರಗಾದರು.

“ಹೋ ಕಾಕು!” ಎಂದೆ. ಸ್ಕಾಟ್ಲೆಂಡಿನ ತುಂಬ ನಮ್ಮವರೇ ಇದ್ದಾರೆ, ಸೊಪ್ಪಿಗೇನೂ ಕೊರತೆಯಿಲ್ಲ ಎಂದು ಸಾಧಿಸಿದೆ.

ನಗುವ ಮಾತಲ್ಲ. ತರಗತಿ ಶುರುವಾಗುವುದರೊಳಗೆ ಹೋಗಿ ಸೇರದಿದ್ದರೆ ಸೀಟು ಬೇರೆಯವರ ಪಾಲು. ಮದುವೆಗೆ ಮೊದಲಿನಿಂದ ಕಟ್ಟಿಕೊಂಡು ಬಂದ ಆಸೆ ಅದು. ಅಕ್ಕನ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಕೊನೆಗೊಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ಅಕ್ಕನ ವಿಳಾಸಕ್ಕೆ ತಿರುಗಿಸಿದ್ದ ಪಾಸ್‌ಪೋರ್ಟಿನ ಲಕೋಟೆ ಠಾಣೆಯ ಕೊರಿಯರ್ ಕಚೇರಿ ತಲುಪಿದೆ! ವೀಸಾ ಸಿಕ್ಕಿದೆಯೋ ಇಲ್ಲವೋ ತೆರೆದೇ ನೋಡಬೇಕು. ಗಂಡ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಹೊರಗೆ ಜಿಟಿಜಿಟಿ ಮಳೆ. ಗುರುತು ಸಿಗಬಾರದಲ್ಲ, ನನ್ನ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ ಬಟ್ಟೆಯನ್ನು ತಲೆ, ಮುಖಕ್ಕೆಲ್ಲ ಸುತ್ತಿಕೊಂಡು, ಬರೀ ಕಣ್ಣು ಬಿಟ್ಟುಕೊಂಡು ರಿಕ್ಷಾದ ಸಾಲಿಗೆ ಓಡಿದೆ. ನನ್ನ ಮುಂದೆ ನಿಂತಿದ್ದವರು ತಿರುಗಿದರು. ವಾಸುದೇವಣ್ಣ!

ಅವರು ನನ್ನ ಮುಖ ನೋಡಲಿಲ್ಲ. ತಲೆ ನೋಡಿದರು.

“ಈ ಶಾಲು ನಾನು ತಂದದ್ದಲ್ವಾ?”

“ಕೋಣ್ ಆಪಣ್?” ಎಂದು, ಅವರು ಯಾರೆಂದೇ ತಿಳಿಯದವಳಂತೆ ಗಡಸು ದನಿಯಲ್ಲಿ ಮರಾಠಿ ಬಿಟ್ಟೆ.

“ದಾದರಲ್ಲಿ ಈ ನವಿಲಿನದ್ದು ಒಂದೇ ಪೀಸ್ ಇದ್ದದ್ದು. ವನಿತಾ ಮೇಡಂ, ಸ್ಕಾಟ್ಲೆಂಡಿಂದ ಯಾವಾಗ ಬಂದ್ರಿ?”

“ಹೋಗ್ಲೇ ಇಲ್ಲ ಅಣ್ಣಾ!” ಎಂದು ರಸ್ತೆಯಲ್ಲೇ ಗೊಳೋ ಎಂದೆ.

ವಾಸುದೇವಣ್ಣ ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. “ಹಾಲ್ ಬುಕ್ ಮಾಡಿದ್ದು ನಾನಲ್ವಾ? ಹತ್ತಿ ರಿಕ್ಷಾ” ಎಂದು ತಾವೂ ಹತ್ತಿದರು.

ಕೊರಿಯರ್ ಕಚೇರಿಯಲ್ಲಿ ನಾನು ಎಷ್ಟು ಎಳೆದರೂ ಲಕೋಟೆ ಹರಿಯಲಿಲ್ಲ. ಅವರೇ ಹರಿದು ಪುಟ ತಿರುವಿದರು. ವೀಸಾ! ನಾನು ಕಿರುಚಿದ ರಭಸಕ್ಕೆ ಗುಮಾಸ್ತ ಕುರ್ಚಿ ಬಿಟ್ಟು ಎದ್ದ. ವಾಸುದೇವಣ್ಣ ಕೊಡೆ ಹಿಡಿದೇ ಚಪ್ಪಾಳೆ ತಟ್ಟಲು ಹೋಗಿ ನನ್ನನ್ನು ತೋಯಿಸಿದರು. “ಉಳಿದದ್ದು ಯಾರಿಗೂ ಹೇಳುದಿಲ್ಲ, ಪ್ರಾಮಿಸ್” ಎಂದರು.

ಸಂಜೆ ರಮೇಶರ ಫೋನು. “ಮಾರಾಯ್ತಿ, ಹೋಟೆಲಿಗೆ ಬಂದವರೆಲ್ಲ ಕೇಳ್ತಿದ್ದಾರೆ, ಠಾಣೆಯ ಸ್ಕಾಟ್ಲೆಂಡಲ್ಲಿ ಮಳೆ ಹೇಗುಂಟು ಅಂತ!”

ನೆರೂಳಿನಿಂದ ಎರಡನೆಯ ಸಲ ಹೊರಟಾಗ ನಿಂಬೆಹಣ್ಣಿಲ್ಲ, ಮೊಸರಿಲ್ಲ. ಈಗ ಎಲ್ಲಿಗೆಂದು ಕುಲಕರ್ಣಿ ಕಾಕು ಬಾಲ್ಕನಿಯಿಂದಲೇ ಕೇಳಿದರು, “ಆತಾ ಕುಠೇ? ಕಲ್ಯಾಣ್?”

ಸ್ಕಾಟ್ಲೆಂಡ್ ಇರುವುದು ನಿಜ, ಚಳಿಯೂ ನಿಜ. ಮೊದಲ ತರಗತಿಯಲ್ಲೇ ಪ್ರೊಫೆಸರು, ನೀವು ತೀರ ಹತ್ತಿರದಿಂದ ಕಂಡ ಒಂದು ಪ್ರದೇಶದ ಅರ್ಥವ್ಯವಸ್ಥೆಯನ್ನು ಪ್ರಬಂಧಕ್ಕೆ ಆರಿಸಿಕೊಳ್ಳಿ ಎಂದರು. ನಾನು ಥಟ್ಟನೆ ಕೈ ಎತ್ತಿದೆ. ಘೋಡಬಂದರ್ ರಸ್ತೆ! ಅಷ್ಟು ದೂರ ಹೋಗಿ, ಅಕ್ಕನ ಮನೆಯ ಕಿಟಕಿಯಿಂದ ಕಂಡದ್ದನ್ನೇ ಬರೆದು ಪದವಿ ಪಡೆದು ಬಂದೆ.

ಬಂದ ಮರುದಿನವೇ ವಾಸುದೇವಣ್ಣನ ಫೋನು.

“ಕಂಗ್ರಾಟ್ಸ್ ಮೇಡಂ! ಆದಿತ್ಯವಾರ ಸನ್ಮಾನ. ಹಾಲ್ ಬುಕ್ ಆಯ್ತು. ಆದ್ರೆ ಒಂದು ಮಾತು, ಈ ಸಲ ಶಾಲು ತರುದಿಲ್ಲ. ಹೋದ ಸಲದ್ದು ಅಡ್ವಾನ್ಸ್ ಅಂತ ಹಿಡ್ಕೊಳ್ಳಿ. ಬರುವಾಗ ಅದನ್ನೇ ತನ್ನಿ, ಮತ್ತೆ ಹೊದೆಸ್ತೇವೆ.”

ಇಸ್ತ್ರಿ ಮಾಡಿಸಿ ತೆಗೆದುಕೊಂಡು ಹೋದೆ.