ನಂಜೇಶ ಸೈಕಲ್ ಸೀಟು ತ್ಯಜಿಸಿದ ಪ್ರಸಂಗ

“ಇವತ್ತಿನಿಂದ ಈ ನಂಜೇಶ ಸೈಕಲ್ ಸೀಟಿನ ಮೇಲೆ ಕೂರೋದಿಲ್ಲ!”

೧೯೯೮ರ ಒಂದು ಭಾನುವಾರ, ಹುಲ್ಲಹಳ್ಳಿಯ ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ನಂಜೇಶ ಮನಸ್ಸಿನಲ್ಲೇ ಮಾಡಿದ ಪ್ರತಿಜ್ಞೆ ಇದು. ಭೀಷ್ಮಪ್ರತಿಜ್ಞೆ ಅನ್ನೋಣವೆಂದರೆ, ಎಲ್ಲಿ ತಾನು ಭೀಷ್ಮನಾಗಿಬಿಡುತ್ತೇನೋ ಎಂಬುದೇ ಅವನ ಭಯ! ಕೈಯಲ್ಲಿದ್ದ ಹಳೇ ವಾರಪತ್ರಿಕೆಯ ಆರೋಗ್ಯ ಪುಟದಲ್ಲಿ ದಪ್ಪಕ್ಷರದ ತಲೆಬರಹವಿತ್ತು: ‘ಬಹುಕಾಲ ಸೈಕಲ್ ತುಳಿದರೆ ಪುರುಷತ್ವಕ್ಕೆ ಕುತ್ತೇ?’ ಲೇಖನದ ಕೊನೆಯಲ್ಲಿ ಉತ್ತರವೂ ಇದ್ದೀತು. ಆದರೆ ಆ ಭಾಗವನ್ನು ಯಾರದೋ ಗಡ್ಡದ ನೊರೆ ಒರೆಸಲು ಹರಿದುಕೊಂಡಾಗಿತ್ತು. ಅರ್ಧ ಓದಿ ಪೂರ್ತಿ ಹೆದರಿದ ಪುಣ್ಯಾತ್ಮ ತಾನು ಎಂದು ಈಗ ನಂಜೇಶನೇ ಹೇಳಿಕೊಂಡು ನಗುತ್ತಾನೆ.

ಆಗ ಮಾತ್ರ ನಗು ಬರಲಿಲ್ಲ. ನಂಜನಗೂಡು ಬಳಿಯ ತಾಂಡ್ಯದ ಫ್ಯಾಕ್ಟರಿಗೆ ವರ್ಷಗಟ್ಟಲೆ ಸೈಕಲ್ ತುಳಿದವನು. ಬಸ್ಸಿಗೆ ಕಾಯುವವರನ್ನು ಕಂಡರೆ “ಏನ್ಲಾ, ಕಾಲ್ಗೆ ತುಕ್ಕು ಹಿಡೀತಾ?” ಎಂದು ರೇಗಿಸಿದವನು. ಈಗ ತನಗೇ ತುಕ್ಕು ಎಲ್ಲಿಗೆ ಹಿಡಿಯಿತೋ ಎಂದು ಬೆವರು! ದೂರ ತುಳಿದ ದಿನ ಕೆಳಗೆಲ್ಲ ಜೋಮು ಹಿಡಿಯುತ್ತಿದ್ದುದೂ ನೆನಪಾಯಿತು. ಮನೆಯಲ್ಲಿ ಅವ್ವ ಚನ್ನಾಜಮ್ಮ ಇನ್ನೂ ಸುಳಿವೇ ಇಲ್ಲದ ಮೊಮ್ಮಗುವಿಗೆಂದು ಆಗಲೇ ಕುಲಾವಿ ಹೊಲಿದಿಟ್ಟಿದ್ದಳು. ಸಂಜೆ ಹೆಂಡತಿ ಪವಿತ್ರ ಪಕ್ಕಕ್ಕೆ ಬಂದು, “ರೀ, ನಿಮ್ಗೊಂದ್ ಇಸ್ಯ...” ಎನ್ನುತ್ತಿದ್ದಂತೆ ಅವನಿಗೆ ಅದು ರಾತ್ರಿಯ ಮಾತೇ ಅನಿಸಿತು. ಪರೀಕ್ಷೆಗೇ ಕೂರದವನು ಫೇಲಾಗುವುದೆಂತು? “ತಲೆನೋವು ಕಣೇ” ಎಂದು ಜಗಲಿಗೆ ಎದ್ದು ಹೋದ. ಮಾರನೆಯ ದಿನ ಸೊಂಟನೋವು, ಅದರ ಮಾರನೆಯ ದಿನ ಹೊಟ್ಟೆನೋವು. ತಿಂಗಳೊಳಗೆ ಮೈಯಲ್ಲಿ ನೋವಿಗೆ ಜಾಗವೇ ಉಳಿಯಲಿಲ್ಲ!

ಸೈಕಲ್ಲನ್ನಂತೂ ನಿಂತೇ ತುಳಿದ. ಅದನ್ನು ಕಂಡ ಜೊತೆಗಾರ ಅಮೃತೇಶ್ ಫ್ಯಾಕ್ಟರಿ ಗೇಟಿನಲ್ಲೇ ಕೂಗಿದ: “ಏನ್ಲಾ ನಂಜೇಸ, ಕುತ್ಕಳಾಕ್ ಆಗಲ್ವಾ? ಮೂಲವ್ಯಾಧಿಗೆ ಮೂಲಂಗಿ ರಸ ಕುಡಿ ಕಣ್ಲಾ!”

ನಂಜೇಶ ಅಲ್ಲಗಳೆಯಲಿಲ್ಲ. ಇದಕ್ಕೆ ಹೋಲಿಸಿದರೆ ಮೂಲವ್ಯಾಧಿ ಎಷ್ಟೋ ಮರ್ಯಾದಸ್ಥ ಕಾಯಿಲೆ! ಆದರೆ ನಿಂತು ತುಳಿದು ತುಳಿದು ಮಂಡಿ ಕೈಕೊಟ್ಟಿತು. ಕುಂಟುತ್ತಾ ಕೊನೆಗೆ ನಂಜುಂಡೇಶ್ವರನನ್ನೇ ಮೊರೆಹೊಕ್ಕ. ಯಾವ ಅಂಗಕ್ಕೆ ಕಾಯಿಲೆಯೋ ಆ ಅಂಗವನ್ನು ಬೆಳ್ಳಿ ತಗಡಿನಲ್ಲಿ ಮಾಡಿಸಿ ದೇವರಿಗೆ ಒಪ್ಪಿಸುವ ಹರಕೆ ನಂಜನಗೂಡಿನಲ್ಲಿ ಇದ್ದೇ ಇದೆಯಲ್ಲ. ದೇವಸ್ಥಾನದ ಬೀದಿಯಲ್ಲಿ ಶಂಭುಲಿಂಗಪ್ಪನ ಅಂಗಡಿ. ತಟ್ಟೆ ತುಂಬಾ ಕಣ್ಣು, ಕಿವಿ, ಕೈ, ಕಾಲು!

“ಯಾವ ಅಂಗ ಕೊಡ್ಲಿ ಸಾ?”

ಅಕ್ಕಪಕ್ಕ ಹೆಂಗಸರು. ನಂಜೇಶ ಪಿಸುಗುಟ್ಟಿದ: “ಅದೇ... ಸೊಂಟದಿಂದ ಕೆಳಕ್ಕೆ.”

“ಕಾಲು ಅನ್ನಿ! ಬಲಗಾಲೋ, ಎಡಗಾಲೋ?”

“ಎರಡೂ ಅಲ್ಲ ಕಣ್ರೀ... ಎರಡರ ಮಧ್ಯೆ...”

“ಯಾವ್ದು ಅಂತ ನಿಮ್ಗೇ ಗೊತ್ತಿಲ್ವಾ? ಹಂಗಾರೆ ಜೊತೆ ತಗಂಡೋಗಿ. ಸ್ವಾಮಿ ನೋಡ್ಕತಾನೆ!”

ಜೊತೆ ಕೊಂಡು ಹೋಗುವಷ್ಟರಲ್ಲಿ ದೇವಸ್ಥಾನದ ಬಾಗಿಲು ಮಧ್ಯಾಹ್ನಕ್ಕೆಂದು ಹಾಕಿತ್ತು. ಬೆಳ್ಳಿ ಕಾಲುಗಳು ಅಂಗಿಯ ಜೇಬಿನಲ್ಲೇ ಉಳಿದವು. ಮಾರನೆಯ ಬೆಳಿಗ್ಗೆ ಅಂಗಿ ಒಗೆಯಲು ತೆಗೆದುಕೊಂಡ ಚನ್ನಾಜಮ್ಮ ಅವನ್ನು ಕಂಡು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

“ಅಯ್ಯೋ ಸಿವ್ನೇ! ನನ್ ಮಗಂಗೆ ಎರಡು ಕಾಲೂ ಓದ್ವಲ್ಲಪ್ಪಾ!”

ಬೀದಿ ಮನೆಗೆ ಬಂತು. ಕುಂಟುತ್ತಿದ್ದುದನ್ನು ಎಲ್ಲರೂ ಕಂಡವರೇ! ಹರಳೆಣ್ಣೆ ಕಾಯಿತು. ನಂಜೇಶನನ್ನು ಚಾಪೆಯ ಮೇಲೆ ಕೆಡವಿ ಅವ್ವ ಪಾದದಿಂದ ತಿಕ್ಕಲು ಶುರುಮಾಡಿದಳು.

“ಇನ್ನೂ ಮ್ಯಾಲಕ್ಕೆ ಉಜ್ಲಾ ಮಗಾ?”

“ಬ್ಯಾಡವ್ವಾ! ಅಲ್ಲಿಗೆ ಸಾಕು!”

ಪವಿತ್ರ ಮಾತ್ರ ಗಂಭೀರವಾಗಿ, “ಏಳಿ, ನಂಜನಗೂಡ್ಗೆ ಓಗಿ ಡಾಕ್ಟ್ರಮ್ಮಂಗೆ ಕಾಲು ತೋರ್ಸಣ. ನಂಗೂ ಅಲ್ಲೊಂದ್ ಕೆಲ್ಸ ಅದೆ” ಎಂದಳು.

ಡಾಕ್ಟ್ರಮ್ಮ ಮೊದಲು ಪವಿತ್ರಳನ್ನು ನೋಡಿ ಹೊರಗೆ ಕೂರಿಸಿದರು. ಆಮೇಲೆ ನಂಜೇಶನ ಮಂಡಿ ತಟ್ಟಿ, ನೋವು ಹೇಗೆ ಬಂತೆಂದು ಕೇಳಿ ತಿಳಿದು, “ನಿಂತು ಯಾಕೆ ತುಳಿದ್ರಿ?” ಎಂದರು. ಅವನು ನೆಲ ನೋಡುತ್ತಾ ಎಲ್ಲವನ್ನೂ ಒದರಿಬಿಟ್ಟ. ಅವರು ನಗಲಿಲ್ಲ.

“ಗಂಟೆಗಟ್ಲೆ ಸೀಟು ಒತ್ತಿದ್ರೆ ಅಲ್ಲಿನ ನರಕ್ಕೆ, ರಕ್ತದ ಓಡಾಟಕ್ಕೆ ಅಡ್ಡಿಯಾಗುತ್ತೆ. ಜೋಮು ಅದಕ್ಕೇ. ಪುರುಷತ್ವಕ್ಕೂ ಪೆಟ್ಟು ಬೀಳುತ್ತಾ ಅನ್ನೋದರಲ್ಲಿ ತಿಳಿದವರಿಗೇ ಒಮ್ಮತ ಇಲ್ಲ. ಸೀಟಿನ ಮೂತಿ ತಗ್ಗಿಸಿ, ಆಗಾಗ ಎದ್ದು ತುಳೀರಿ. ಜೋಮು ಹೋಗ್ದಿದ್ರೆ ಬನ್ನಿ. ಅಂದ ಹಾಗೆ, ನಿಮಗೆ ತೊಂದರೆ ಆಗಿದೆಯಾ?”

“ಗೊತ್ತಿಲ್ಲ ಮೇಡಂ. ಹೆದರಿ ಹತ್ರಾನೇ ಹೋಗಿಲ್ಲ!”

ಈಗ ಡಾಕ್ಟ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಪವಿತ್ರಳನ್ನು ಒಳಗೆ ಕರೆದು, “ಏನಮ್ಮಾ, ಇವರಿಗಿನ್ನೂ ಹೇಳಿಲ್ವಾ? ನಿನಗೆ ಮೂರು ತಿಂಗಳಾಗ್ತಾ ಬಂತು!” ಎಂದರು.

ನಂಜೇಶನಿಗೆ ಕಣ್ಣು ತುಂಬಿ ಬಂತು. ಗಂಡಸುತನ ಹೋಯಿತೆಂದು ದುಃಖಿಸುತ್ತಾ ತಿಂಗಳಿಡೀ ಕುಂಟಿದ ಮಹಾಶಯ ಅಷ್ಟೂ ದಿನ ಅಪ್ಪನಾಗಿಯೇ ಕುಂಟಿದ್ದ! “ನಂಗ್ಯಾಕೆ ಹೇಳ್ಲಿಲ್ಲ ಕಣೇ?” ಎಂದ.

“ಏಳಣ ಅಂತ ಬಂದಾಗೆಲ್ಲ ನೀವು ಎದ್ದೋಗ್ತಿದ್ರಲ್ಲ!”

ಹೋದ ಧೈರ್ಯವೆಲ್ಲ ಒಮ್ಮೆಲೇ ವಾಪಸು ಬಂತು. ನಂಜೇಶ ಎದೆ ಉಬ್ಬಿಸಿ, ಮೀಸೆಯ ಮೇಲೆ ಕೈಯಾಡಿಸಿ, ಹೆಂಡತಿಯ ಕಡೆ ಒಂದು ವೀರನೋಟ ಬೀರಿದ. ಅದನ್ನು ಕಂಡ ಡಾಕ್ಟ್ರಮ್ಮ ಚೀಟಿ ಬರೆಯುತ್ತಲೇ ಹೇಳಿದರು: “ಇವಳಿಗೆ ರಕ್ತ ಕಡಿಮೆ, ಸುಸ್ತು ಜಾಸ್ತಿ. ಇನ್ನೂ ಸ್ವಲ್ಪ ಕಾಲ ನೀವು ದೂರ ಇರ್ಬೇಕು. ಕಷ್ಟ ಆಗುತ್ತೇನೋ?”

ನಂಜೇಶ ಬಾಯಿ ತೆರೆಯುವಷ್ಟರಲ್ಲಿ ಪವಿತ್ರ ಸೆರಗು ಸರಿಪಡಿಸಿಕೊಂಡು ಅಂದಳು:

“ಕಷ್ಟ ಏನಿಲ್ಲ ಬುಡಿ ಮೇಡಂ, ಅವ್ರಿಗೆ ಚೆನ್ನಾಗಿ ಅಭ್ಯಾಸ ಆಗದೆ!”